ಇದ್ರ್ ಅಂದರೆ ಇದ್ದಾರೆ

“ಹ್ವಾಯ್, ನನ್ನ ಗಂಡನ್ನ ಕೊಂದದ್ದ್ ಯಾರ್ ಇಲ್ಲಿ?”

ಹೀಗೆ ಕೇಳುತ್ತಾ ಬಾಗಿಲಲ್ಲಿ ನಿಂತವರು ಬೀಜಾಡಿಯಿಂದ ಮೀನು ತರುವ ಅಕ್ಕ; ಶನಿವಾರ ಊರಿಗೆ ಒಯ್ಯಲು ನಾನು ಮೀನು ಕೊಳ್ಳುತ್ತಿದ್ದದ್ದು ಅವರಲ್ಲೇ. ಅವರ ತಲೆಯ ಮೇಲೆ ಬುಟ್ಟಿ ಇತ್ತು ಎಂದು ನನ್ನ ನೆನಪು ಹೇಳುತ್ತದೆ. ಆದರೆ ಆ ಬಾಗಿಲು ಎಷ್ಟು ತಗ್ಗೆಂದರೆ ನಾನೇ ಬಗ್ಗಿ ಒಳಗೆ ಹೋಗಬೇಕು. ಬುಟ್ಟಿ ಹೊತ್ತವರು ಅಲ್ಲಿ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಬುಟ್ಟಿಯನ್ನು ಮೆಟ್ಟಿಲ ಬುಡದಲ್ಲಿ ಇಟ್ಟು ಬಂದಿರಬೇಕು. ಈ ಬರಹದಲ್ಲಿ ಇಂಥ ಕಡೆಯೆಲ್ಲ ನೆನಪನ್ನು ಬಿಟ್ಟು ಬಾಗಿಲನ್ನು ನಂಬುತ್ತೇನೆ.

ನನ್ನ ಕೋಣೆ ಇದ್ದದ್ದು ಕುಂದಾಪುರದಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ. ಒಂದು ಕಂಪ್ಯೂಟರ್, ಕರೆಂಟು ಹೋದರೆ ಕೂಗಿಕೊಳ್ಳುವ ಯುಪಿಎಸ್, ಎರಡು ಕುರ್ಚಿ. ಎರಡನೆಯ ಕುರ್ಚಿಯಲ್ಲಿ ನನ್ನ ಚೀಲ ಕೂರುತ್ತಿತ್ತು. 2010 ಅಥವಾ ಅದರ ಆಚೀಚೆ. ಲಾಡ್ಜು, ಕ್ಯಾಟರಿಂಗ್, ಬೈಂದೂರಿನ ಹೆಂಚಿನ ವ್ಯಾಪಾರ, ಇಂಥವಕ್ಕೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಗಿರಾಕಿಗಳು ಫೋನಿನಲ್ಲೇ ಮುಗಿಸುತ್ತಿದ್ದರು. ಸೋಮವಾರ ಕೆರಾಡಿಯ ಮನೆಯಿಂದ ಬಸ್ಸಿಳಿದವಳು ಶನಿವಾರ ಮತ್ತೆ ಬಸ್ಸು ಹತ್ತುವವರೆಗೆ, ಕೆಳಗಿನ ಹೋಟೆಲಿನಲ್ಲಿ ಚಾ ಹೇಳಲು ಬಿಟ್ಟರೆ ಬಾಯಿಯನ್ನೇ ತೆರೆಯದ ವಾರಗಳಿದ್ದವು.

ಅಕ್ಕ ಚೀಲವನ್ನು ನೆಲಕ್ಕಿಟ್ಟು ಆ ಕುರ್ಚಿಯಲ್ಲಿ ಕೂತರು. ಸೊಂಟದ ಸಂಚಿಯಿಂದ ಒಂದು ಕಾರ್ಡು ತೆಗೆದು ಕೀಬೋರ್ಡಿನ ಮೇಲೆ ಇಟ್ಟರು. ಮೀನು ಮಾರುವ ಹೆಂಗಸರ ಸಂಘದವರು ಸದಸ್ಯರಿಗೆ ಕೊಡುತ್ತಿದ್ದ ಆರೋಗ್ಯ ಕಾರ್ಡು. ಅದರ ವೆಬ್‌ಸೈಟನ್ನು ಬೇರೊಬ್ಬ ಕಟ್ಟಿದ್ದ. ಅವನು ಗಲ್ಫಿಗೆ ಹೋದ ಮೇಲೆ ಸಂಘದ ಕಾರ್ಯದರ್ಶಿ ಪಾಸ್‌ವರ್ಡನ್ನು ನನಗೆ ಒಪ್ಪಿಸಿದ್ದರು. ಮೊದಲ ಕಂತಿನ ಕಾರ್ಡುಗಳು ಆಗಷ್ಟೇ ಹಂಚಿಹೋಗಿದ್ದವು.

“ಓದಿ ಕಾಣ್,” ಎಂದರು ಅಕ್ಕ.

ಅವರ ಹೆಸರು, ಕೆಳಗೆ ಗಂಡನ ಹೆಸರು. ಗಂಡನ ಹೆಸರಿನ ಹಿಂದೆ ‘ದಿ.’ ಎಂದಿತ್ತು.

“ನಂಗೆ ಗೊತ್ತಾತ್ತಿಲ್ಲೆ ಅಂತ ಎಣಿಸ್ಬೇಡ ತಂಗಿ. ದಿ ಅಂದ್ರೆ ಎಂತ ಅಂತ ಗೊತ್ತಿತ್. ನಮ್ಮ ಅಪ್ಪಯ್ಯನ ಬೊಜ್ಜದ ಕಾಗ್ದದಾಗೆ ಇದ್ದಿತ್ತ್.”

ಬೊಜ್ಜ ಅಂದರೆ ಸತ್ತವರ ಉತ್ತರಕ್ರಿಯೆ. ಆ ಆಹ್ವಾನ ಪತ್ರಿಕೆಯಲ್ಲಿ ಕಂಡ ಅಕ್ಷರವನ್ನು ಅವರು ತನ್ನ ಕಾರ್ಡಿನಲ್ಲಿ ಗುರುತು ಹಿಡಿದಿದ್ದರು.

“ತಪ್ಪಾಯ್ತ್ ಕಾಣತ್ತ್. ಸರಿ ಮಾಡ್ತೆ ಅಕ್ಕ.”

“ಬರೂ ವಾರ ಬ್ರಹ್ಮಾವರದಾಗೆ ಗರ್ಭಕೋಶದ್ದ್ ಆಪರೇಶನ್. ಈ ಕಾರ್ಡ್ ಹಿಡ್ಕಂಡ್ ನಾ ಹೋತಿಲ್ಲೆ.”

“ಆಪರೇಶನ್ ಬಿಡುಕಾತ್ತಾ ಅಕ್ಕ? ಡಾಕ್ಟ್ರ್ ತಡ ಮಾಡ್ಬೇಡಿ ಅಂದಿರ್ತ್ರ್.”

“ಅಂದಿದ್ರ್. ಆಪರೇಶನ್ ಬೇಕ್. ದಿ ಬ್ಯಾಡ.”

ಇಷ್ಟು ಹೇಳಿ ಎದ್ದು, ನನ್ನ ಚೀಲವನ್ನು ಮತ್ತೆ ಕುರ್ಚಿಗೆ ಏರಿಸಿ, ಮೆಟ್ಟಿಲಿಳಿದು ಹೋದರು.

ಕೋಡು ತೆರೆದೆ. ಇದು ಪಿಎಚ್‌ಪಿಯ ಒಂದು ಫ್ರೇಮ್‌ವರ್ಕ್‌ನಲ್ಲಿ ಬರೆದದ್ದು. ಅಂದರೆ ಅರ್ಜಿ ತೋರಿಸುವುದು, ತುಂಬಿದ್ದನ್ನು ಓದುವುದು, ಪರೀಕ್ಷಿಸುವುದು, ಉಳಿಸುವುದು, ಇವಕ್ಕೆಲ್ಲ ಮೊದಲೇ ಮಾಡಿಟ್ಟ ದಾರಿ ಇರುತ್ತದೆ. ಅರ್ಜಿಯ ಕೊನೆಯಲ್ಲಿ ಟಿಕ್ ಹಾಕುವ ಒಂದು ಚೌಕ. ಪಕ್ಕದಲ್ಲಿ ‘ಗಂಡ ಇದ್ದಾರೆ’ ಎಂಬ ಬರಹ. ಟಿಕ್ ಹಾಕಿ ಕಳಿಸಿದರೆ ಒಂದು ಎಂಬ ಬೆಲೆ ಬರುತ್ತದೆ. ಹಾಕದೆ ಕಳಿಸಿದರೆ ಸೊನ್ನೆ ಬರುತ್ತದೆ ಎಂದು ಈ ಕೋಡು ಬರೆದವನು ನಂಬಿದ್ದ ಹಾಗಿತ್ತು.

ಸೊನ್ನೆ ಬರುವುದಿಲ್ಲ. ಬರೆಯುವ ಜಾಗವನ್ನು ಖಾಲಿ ಬಿಟ್ಟರೆ ಬ್ರೌಸರು ಅದರ ಹೆಸರನ್ನೂ ಖಾಲಿ ಬೆಲೆಯನ್ನೂ ಕಳಿಸುತ್ತದೆ. ಟಿಕ್ ಹಾಕದ ಚೌಕದ ಹೆಸರನ್ನೇ ಅದು ಎತ್ತುವುದಿಲ್ಲ. ಬಂದದ್ದನ್ನೆಲ್ಲ ಹಾಗೆ ಹಾಗೇ ಲಾಗ್ ಕಡತಕ್ಕೆ ಸುರಿಸಿ ನೋಡಿದೆ. ಹೆಸರು, ಊರು, ವಯಸ್ಸು, ಗಂಡನ ಹೆಸರು ಎಲ್ಲ ಸಾಲಾಗಿ ಬಂದಿದ್ದವು. ಚೌಕದ ಸಾಲೇ ಇರಲಿಲ್ಲ. ಇಲ್ಲದ ಸಾಲನ್ನು ಕೇಳಿದರೆ ಆ ಫ್ರೇಮ್‌ವರ್ಕ್ ‘ಫಾಲ್ಸ್’ ಎಂದು ಉತ್ತರ ಕೊಡುತ್ತಿತ್ತು. ನಮ್ಮವನು ಅದನ್ನು ಎರಡು ಸಮ ಚಿಹ್ನೆ ಹಾಕಿ ಸೊನ್ನೆಯೊಡನೆ ಹೋಲಿಸಿದ್ದ. ಪಿಎಚ್‌ಪಿಯಲ್ಲಿ ಎರಡು ಸಮ ಚಿಹ್ನೆ ಬಹಳ ಉದಾರಿ. ಬಾರದೇ ಇದ್ದದ್ದು, ಖಾಲಿ ಬಂದದ್ದು, ಸೊನ್ನೆ ಎಂದು ಬಂದದ್ದು, ಮೂರೂ ಅದರ ಲೆಕ್ಕದಲ್ಲಿ ಒಂದೇ. ಮೂರು ಸಮ ಚಿಹ್ನೆ ಹಾಕಿದರೆ ಮಾತ್ರ ಬೇರೆ ಬೇರೆ ಎಂದು ನೋಡುತ್ತದೆ. ಡೇಟಾಬೇಸಿನಲ್ಲೂ ಆ ಕಾಲಮ್ಮು ಖಾಲಿ ಇರಬಾರದು, ಏನೂ ಇಲ್ಲದಿದ್ದರೆ ಸೊನ್ನೆ ಎಂದು ಕಟ್ಟು ಮಾಡಿಟ್ಟಿದ್ದ. ಸೊನ್ನೆ ಇದ್ದಲ್ಲೆಲ್ಲ ಕಾರ್ಡು ‘ದಿ.’ ಎಂದು ಅಚ್ಚು ಹಾಕುತ್ತಿತ್ತು.

ಪರೀಕ್ಷೆಗೆಂದು ಅರ್ಜಿಯಲ್ಲಿ ನನ್ನದೇ ಹೆಸರು ತುಂಬಿದೆ. ಗಂಡನ ಹೆಸರು ಖಾಲಿ, ಚೌಕವೂ ಖಾಲಿ. ಕಾರ್ಡಿನ ನಮೂನೆ ಪರದೆಯ ಮೇಲೆ ಬಂತು. ನನ್ನ ಹೆಸರಿನ ಕೆಳಗೆ: ‘ದಿ.             ಇವರ ಪತ್ನಿ.’

ಜೋರಾಗಿ ನಕ್ಕೆ. ಆಮೇಲೆ, ಇದನ್ನು ತೋರಿಸಲು ಯಾರಾದರೂ ಬೇಕಿತ್ತು ಎಂದು ಕೋಣೆಯ ಸುತ್ತ ನೋಡಿದೆ. ಯುಪಿಎಸ್‌ನ ಹಸಿರು ದೀಪ ಇತ್ತು. ಕಾರ್ಡನ್ನು ಅಳಿಸಿದೆ.

ಕಾರ್ಯದರ್ಶಿಗೆ ಫೋನ್ ಮಾಡಿದೆ. ಅವರೂ ಮೀನು ಮಾರಿಯೇ ಮೇಲೆ ಬಂದವರು, ಯಾವುದಕ್ಕೂ ತಲೆ ಬಿಸಿ ಮಾಡಿಕೊಳ್ಳುವವರಲ್ಲ.

“ಎಷ್ಟ್ ಜನಕ್ಕೆ ಹೀಂಗೆ ಆಯಿತ್ತ್?”

“ಚೌಕಕ್ಕೆ ಟಿಕ್ ಇಲ್ಲದವ್ರ್ ಬೇಕಾದಷ್ಟ್ ಇದ್ರ್. ಅದ್ರಾಗೆ ನಿಜವಾಗ್ಲೂ ಗಂಡ ಇಲ್ಲದವ್ರ್ ಯಾರ್, ಟಿಕ್ ಮರ್ತವ್ರ್ ಯಾರ್ ಅಂತ ಗೊತ್ತಾತ್ತಿಲ್ಲೆ.”

“ಹಂಗಾರೆ ಎಲ್ಲರಿಗೂ ಒಂದ್ ಅಂತ ಹಾಕಿ ಬಿಡಿ. ಬದ್ಕ್ಸಿದ್ದಕ್ಕೆ ಯಾರೂ ಬಯ್ತಿಲ್ಲೆ.”

ಒಂದೇ ಸಾಲಿನ ಆಜ್ಞೆ ಅದು. ಒಂದು ಗುಂಡಿ ಒತ್ತಿದರೆ ಕುಂದಾಪುರದಿಂದ ಬೈಂದೂರಿನವರೆಗೆ ಸತ್ತವರೆಲ್ಲ ಎದ್ದು ಕೂರುತ್ತಿದ್ದರು. ಆ ಸಾಲನ್ನು ಟೈಪ್ ಮಾಡಿದ್ದೂ ನೆನಪಿದೆ. ಒತ್ತಲಿಲ್ಲ. ಗಂಡನನ್ನು ನಿಜವಾಗಿ ಕಳಕೊಂಡವಳೊಬ್ಬಳು ಕಾರ್ಡು ತೆರೆದು ನೋಡುವ ಚಿತ್ರ ಕಣ್ಣಿಗೆ ಬಂದು ನಿಲ್ಲಿಸಿದೆ ಎಂದು ಬರೆಯಬಹುದು, ಬರೆದರೆ ಚಂದವೂ ಕಾಣುತ್ತದೆ. ಹೆಚ್ಚು ನಂಬುವಂಥ ಕಾರಣವೆಂದರೆ ಆಗ ಕರೆಂಟು ಹೋಯಿತು, ಯುಪಿಎಸ್ ಕೂಗಿ ಕೂಗಿ ಆರಿತು. ಬರುವವರೆಗೆ ಸುಮ್ಮನೆ ಕೂತಿರಬೇಕಾಗಿ ಬಂತು, ಕೂತಾಗ ಯೋಚನೆ ಬಂತು.

ಇನ್ನೊಂದು ಉಪಾಯ ಎಲ್ಲ ಪ್ರೋಗ್ರಾಮರುಗಳಿಗೂ ಗೊತ್ತಿರುವಂಥದ್ದು. ಚೌಕದ ಹಿಂದೆ ಅದೇ ಹೆಸರಿನ, ಕಣ್ಣಿಗೆ ಕಾಣದ ಒಂದು ಜಾಗ ಇಟ್ಟು ಅದರಲ್ಲಿ ಸೊನ್ನೆ ತುಂಬಿಡುವುದು. ಟಿಕ್ ಹಾಕದಿದ್ದರೆ ಆ ಸೊನ್ನೆ ಹೋಗುತ್ತದೆ, ಏನೂ ಬಾರದೆ ಇರುವ ತೊಂದರೆ ಇಲ್ಲ. ಆದರೆ ಅದು ಮಾಡುವುದೂ ಅದನ್ನೇ: ಹೇಳದೆ ಬಿಟ್ಟವರ ಬಾಯಿಗೆ ‘ಇಲ್ಲ’ ಎಂಬ ಮಾತು ತುರುಕುವುದು.

ಮರುದಿನ ಹೆಮ್ಮಾಡಿಯ ಸಂಘದ ಕಚೇರಿಗೆ ಹೋದೆ. ಹಿಂದೆ ಬಂದ ಅರ್ಜಿಗಳನ್ನು ನೋಡಿದಾಗ ಒಂದು ವಿಚಿತ್ರ ಕಂಡಿತ್ತು. ಸದಸ್ಯೆಯರ ಮಕ್ಕಳು ಸೈಬರ್ ಕೆಫೆಯಲ್ಲಿ ಕೂತು ತುಂಬಿದ ಅರ್ಜಿಗಳಲ್ಲಿ ಟಿಕ್ ಅಲ್ಲಲ್ಲಿ ತಪ್ಪಿತ್ತು. ಕಚೇರಿಯಿಂದ ತುಂಬಿದವುಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ವಿಧವೆಯರು. ಬೀಜಾಡಿಯ ಅಕ್ಕನ ಅರ್ಜಿಯೂ ಅಲ್ಲಿಂದಲೇ ಬಂದಿತ್ತು.

ಅಲ್ಲಿ ಅರ್ಜಿ ತುಂಬುತ್ತಿದ್ದ ಆಪರೇಟರು ಗದಗದ ಕಡೆಯವನು, ಏಜೆನ್ಸಿಯ ಮೂಲಕ ಬಂದವನು. ಮದುವೆಯಾಗದ ಯುವಕ, ಹೆದ್ದಾರಿ ಬದಿಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದ. ನಾನು ಕೇಳಿದ್ದಕ್ಕೆ ಅವನು ಅರ್ಜಿಯ ‘ಇತರ ವಿವರ’ ಎಂಬ ಜಾಗ ತೆರೆದು ತೋರಿಸಿದ. ಪ್ರತಿಯೊಬ್ಬರ ಮುಂದೂ ಅವರು ಹೇಳಿದ್ದನ್ನು ಪ್ರಾಮಾಣಿಕವಾಗಿ ಬರೆದಿಟ್ಟಿದ್ದ. ‘ಗಂಡ ಇದ್ದರು.’ ‘ಗಂಡ ಇದ್ದರು.’ ‘ಗಂಡ ಇದ್ದರು.’

“ಇವರೆಲ್ಲ ನಿಮ್ಮ ಹತ್ರ ಎಂತ ಹೇಳಿದ್ರು?”

“ಇದ್ರ್ ಅಂದ್ರು ರೀ ಮೇಡಮ್. ಬಾಯಾಗ ಹಂಗ ಅಂತಾರ, ಬರಿಯುವಾಗ ಇದ್ದರು ಅಂತ ಶುದ್ಧ ಮಾಡಿ ಬರದೀನಿ.”

ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕುಂದಾಪ್ರ ಕನ್ನಡದಲ್ಲಿ ‘ಇತ್ತ್’ ಅಂದರೆ ಇದೆ. ‘ಇದ್ರ್’ ಅಂದರೆ ಇದ್ದಾರೆ. ಎಲ್ಲಿದ್ದೀ ಎಂದು ಫೋನಿನಲ್ಲಿ ಕೇಳಿದರೆ ‘ಇಲ್ಲೇ ಇದ್ದೆ’ ಎನ್ನುತ್ತೇವೆ; ಇಲ್ಲೇ ಇದ್ದೇನೆ ಎಂದು ಅದರ ಅರ್ಥ. ಹಿಂದೆ ಇದ್ದು ಈಗ ಇಲ್ಲದ್ದಕ್ಕೆ ಬೇರೆ ಮಾತಿದೆ: ‘ಇದ್ದಿತ್ತ್’, ‘ಇದ್ದಿದ್ರ್’. ಪುಸ್ತಕದ ಕನ್ನಡದ ಕಿವಿಗೆ ನಮ್ಮ ಇಂದು ನಿನ್ನೆಯಾಗಿ ಕೇಳುತ್ತದೆ.

ಅವನಿಗೆ ಹೇಳಿದೆ. ಅವನು ಪರದೆಯ ಮೇಲಿನ ‘ಇದ್ದರು’ಗಳನ್ನು ಒಂದೊಂದಾಗಿ ಮತ್ತೆ ಓದಿದ.

“ಹಂಗಾದ್ರ ಹಾಲು ಇತ್ತೇನ್ರಿ?”

“ಯಾವ ಹಾಲು?”

“ಅಂಗಡ್ಯಾಗ ಹಾಲು ಐತೇನ್ರೀ ಅಂತ ಕೇಳ್ತಿದ್ದೆ. ಇತ್ತ್ ಅಂತಿದ್ದ. ಖಾಲಿ ಆಗೈತಿ ಅನ್ಕೊಂಡು ಹೊಳ್ಳಿ ಬರ್ತಿದ್ದೆ. ಈ ಊರಿಗೆ ಬಂದಾಗಿಂದ ಕರಿ ಚಾನ ಕುಡದೀನ್ರಿ.”

ನಾನು ನಕ್ಕೆ. ಅವನು ನಗಲಿಲ್ಲ.

“ಇಲ್ಲಿ ಮಂದಿ ಎಲ್ಲಾನೂ ಆಗಿಹೋದದ್ದು ಅನ್ನೋಹಂಗ ಮಾತಾಡ್ತಾರ ಅನ್ಕೊಂಡಿದ್ದೆ. ಸಮುದ್ರಕ್ಕ ಹೋಗೋ ಮಂದಿ, ಇಷ್ಟು ಜನ ಗಂಡಸರು ಹೋಗಿಬಿಟ್ಟಾರ, ಪಾಪ, ಅಂತ. ಅದಕ್ಕ ಅವರ ಜೋಡಿ ದನಿ ಏರಿಸಿ ಒಮ್ಮೆನೂ ಮಾತಾಡಿಲ್ರಿ.”

“ಕರಿಮಣಿ, ಹೂವು, ಕುಂಕುಮ ಇತ್ತಲ್ಲ?”

“ನೋಡಿದ್ನಿ. ನಿಮ್ಮ ಕಡೆ ಪದ್ಧತಿ ಹಂಗಿರಬೋದು ಅನ್ಕೊಂಡೆ. ಅದನ್ನ ಹೆಂಗ್ ಕೇಳೋದ್ರಿ?”

ಅಲ್ಲಿಂದ ಬಸ್ಸಿನಲ್ಲಿ ಹಿಂದಿರುಗುವಾಗ ನಾನು ತೀರ್ಮಾನ ಮಾಡಿದೆ. ಅಥವಾ ಆಮೇಲೆ ಮಾಡಿ, ಬಸ್ಸಿನಲ್ಲಿ ಮಾಡಿದೆ ಎಂದು ಈಗ ಜೋಡಿಸುತ್ತಿದ್ದೇನೆ. ತೀರ್ಮಾನ ಮಾತ್ರ ಇಷ್ಟು: ಸೊನ್ನೆಯೂ ಬೇಡ, ಒಂದೂ ಬೇಡ. ಗೊತ್ತಿಲ್ಲದ್ದು ಗೊತ್ತಿಲ್ಲದ್ದಾಗಿಯೇ ಡೇಟಾಬೇಸಿನಲ್ಲಿ ಕೂರಬೇಕು. ಟಿಕ್ ಇಲ್ಲದವರೆಲ್ಲರ ಕಾಲಮ್ಮು ಖಾಲಿ ಮಾಡಿ, ಮತ್ತೆ ಒಬ್ಬೊಬ್ಬರನ್ನೇ ಕೇಳಿ ತುಂಬಬೇಕು.

ಹೇಳುವಷ್ಟು ಸುಲಭವಾಗಿರಲಿಲ್ಲ. ಕಾಲಮ್ಮು ಖಾಲಿ ಇರಬಹುದು ಎಂದು ಬದಲಿಸಿದೆ. ಚೌಕವನ್ನು ಕಿತ್ತು, ‘ಇದ್ದಾರೆ’, ‘ತೀರಿಕೊಂಡಿದ್ದಾರೆ’ ಎಂಬ ಎರಡು ದುಂಡು ಗುಂಡಿಗಳನ್ನು ಇಟ್ಟೆ, ಎರಡರಲ್ಲಿ ಯಾವುದನ್ನೂ ಮೊದಲೇ ಆರಿಸಿಡಲಿಲ್ಲ. ಪ್ರಯೋಗಕ್ಕೆ ಎರಡನ್ನೂ ಮುಟ್ಟದೆ ಕಳಿಸಿದೆ. ಡೇಟಾಬೇಸಿನಲ್ಲಿ ಮತ್ತೆ ಸೊನ್ನೆ. ಎಲ್ಲಿಂದ ಬಂತೆಂದು ಹುಡುಕಿ ಸುಸ್ತಾದೆ. ಕೊನೆಗೆ ಕಂಡಿತು: ಗುಂಡಿ ಮುಟ್ಟದಿದ್ದರೆ ಫ್ರೇಮ್‌ವರ್ಕ್ ‘ಫಾಲ್ಸ್’ ಕೊಡುತ್ತದೆ, ಆ ಫಾಲ್ಸನ್ನು ಉಳಿಸಲು ಕೊಟ್ಟರೆ ಅದೇ ಫ್ರೇಮ್‌ವರ್ಕ್ ಸೊನ್ನೆ ಎಂದು ಬರೆಯುತ್ತದೆ. ಒಂದು ಬಾಗಿಲಲ್ಲಿ ‘ಬಂದಿಲ್ಲ’ ಎಂದದ್ದು ಇನ್ನೊಂದು ಬಾಗಿಲು ದಾಟುವಾಗ ‘ಇಲ್ಲ’ ಆಗುತ್ತಿತ್ತು. ನಡುವೆ ನಿಂತು, ಫಾಲ್ಸ್ ಬಂದರೆ ಅದನ್ನು ‘ನಲ್’ ಮಾಡಿ, ಎಂದರೆ ಬರೀ ಖಾಲಿ ಮಾಡಿ, ದಾಟಿಸುವ ಒಂದು ಸಾಲು ಬರೆದೆ.

ಆಮೇಲೆ ಮೂರು ಸಮ ಚಿಹ್ನೆ. ಹೋಲಿಕೆಗಳನ್ನೆಲ್ಲ ಬಿಗಿ ಮಾಡಿ ಕಾರ್ಡು ತೆಗೆದರೆ ನಿಜವಾದ ವಿಧವೆಯರ ಕಾರ್ಡಿನಿಂದಲೂ ‘ದಿ.’ ಹಾರಿಹೋಗಿತ್ತು. ಡೇಟಾಬೇಸಿನಿಂದ ಬರುವ ಸೊನ್ನೆ ಅಂಕಿಯಲ್ಲ, ಅಕ್ಷರ. ಅಂಕಿಯ ಸೊನ್ನೆಗೂ ಅಕ್ಷರದ ಸೊನ್ನೆಗೂ ಮೂರು ಚಿಹ್ನೆಯ ಮುಂದೆ ನಂಟಿಲ್ಲ. ಅದನ್ನೂ ತಿದ್ದಿದೆ. ಇದೆಲ್ಲ ಮಾಡುವಾಗ ಯಾರ ಹತ್ತಿರವಾದರೂ “ಕಂಡ್ರ್ಯಾ” ಎನ್ನಬೇಕು ಅನ್ನಿಸುತ್ತಿತ್ತು. ಕೆಳಗಿನ ಹೋಟೆಲಿನವರಿಗೆ ಒಮ್ಮೆ ಹೇಳಹೊರಟೆ. ಅವರು ಕೇಳಿ, “ಸಕ್ಕರೆ ಕಡ್ಮೆ ಅಲ್ದಾ?” ಎಂದರು.

ಬೀಜಾಡಿಗೆ ನಾನೂ ಆಪರೇಟರೂ ಹೋದೆವು. ಅವನು ಲ್ಯಾಪ್‌ಟಾಪಿಗೆ ಡೇಟಾ ಕಾರ್ಡು ಸಿಕ್ಕಿಸಿಕೊಂಡು, ನೆಟ್‌ವರ್ಕು ಸಿಗುವ ಜಗಲಿ ಹುಡುಕುತ್ತಾ ಮನೆಮನೆಗೆ ಬಂದ. ಕೇಳುವುದು ನಾನು, ಒತ್ತುವುದು ಅವನು.

“ನಿಮ್ಮ ಯಜಮಾನ್ರ್ ಇದ್ರಾ?”

“ಇದ್ರ್. ಮಲ್ಕಂಡಿದ್ರ್. ಎಬ್ಬಿಸುದಾ?”

“ಇದ್ರ್ ಮಾರಾಯ್ರೆ. ಇದ್ದ್ ಎಂತ ಪ್ರಯೋಜನ.”

“ಇದ್ರ್. ಬೇಕಾರೆ ಕರ್ಕಂಡ್ ಹೋಯ್ನಿ.”

ಆಪರೇಟರು ಪ್ರತಿಸಲವೂ ‘ಇದ್ದಾರೆ’ ಒತ್ತುತ್ತಾ ಸಣ್ಣಗೆ ನಗುತ್ತಿದ್ದ. ಅವನು ಮನಸ್ಸಿನಲ್ಲೇ ಅತ್ತುಕೊಂಡಿದ್ದ ಗಂಡಸರು ಒಬ್ಬೊಬ್ಬರಾಗಿ ಒಳಗಿನಿಂದ ಕೆಮ್ಮುತ್ತಿದ್ದರು, ಬಲೆ ಹೊಲಿಯುತ್ತಿದ್ದರು, ಯಾರದು ಎಂದು ಇಣುಕುತ್ತಿದ್ದರು. ಒಂದು ಮನೆಯಲ್ಲಿ ಮಾತ್ರ, ಹಿತ್ತಲಿಂದ ಬಂದ ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು, “ಇದ್ದಿದ್ರ್,” ಎಂದರು. ನಾನು ಏನೂ ಹೇಳುವ ಮೊದಲೇ ಅವನು ನಗು ನಿಲ್ಲಿಸಿ ಸರಿಯಾದ ಗುಂಡಿ ಒತ್ತಿದ್ದ.

ಬುಟ್ಟಿಯ ಅಕ್ಕನ ಮನೆ ಕಡಲಿಗೆ ಹತ್ತಿರ. ಅವರು ಆಪರೇಟರನ್ನು ನೋಡಿ ಗುರುತು ಹಿಡಿದರು.

“ಇವನಾ? ಆಫೀಸಿನಾಗೆ ನನ್ನತ್ರ ಮೆತ್ತಗೆ ಮಾತಾಡಿದ್ದ್ ಇವ ಒಬ್ಬನೇ. ಹೆಂಡ್ತಿ ಸತ್ತವನೇನೋ ಅಂತ ನಾನ್ ಎಣ್ಸಿದ್ದೆ.”

ಅವನಿಗೆ ಅರ್ಥವಾಗಿರಬೇಕು, ತಲೆ ತಗ್ಗಿಸಿದ.

“ಅಕ್ಕ, ಮತ್ತೊಂದ್ಸಲ ಕೇಣ್ಕ್. ಯಜಮಾನ್ರ್ ಇದ್ರಾ?”

“ಇದ್ರ್.”

ಅವನು ‘ಇದ್ದಾರೆ’ ಒತ್ತಿದ, ಕಳಿಸಿದ. ಅರ್ಜಿ ಒಪ್ಪಲಿಲ್ಲ. ಕೆಂಪು ಅಕ್ಷರದಲ್ಲಿ ‘ಗಂಡನ ಫೋಟೋ ಕಡ್ಡಾಯ’ ಎಂದು ಬಂತು. ಬೇರೆ ಮನೆಗಳಲ್ಲಿ ಗಂಡಸರನ್ನು ಜಗಲಿಗೆ ಕರೆದು ಅಲ್ಲೇ ಕ್ಯಾಮೆರಾದಲ್ಲಿ ಹಿಡಿದಿದ್ದೆವು. ಗಂಡ ಇದ್ದರೆ ಕಾರ್ಡು ಅವನಿಗೂ ಸೇರುತ್ತದೆ, ಹಾಗಾಗಿ ಅವನ ಮುಖ ಬೇಕು ಎಂಬ ನಿಯಮ ಮೊದಲಿನಿಂದಲೂ ಕೋಡಿನಲ್ಲಿತ್ತು.

“ಫೋಟೋ ಬೇಕಂತೆ ಅಕ್ಕ. ಕರೀರಿ ಒಂಚೂರ್.”

“ಬೋಟಿಗ್ ಹೋಯಿದ್ರ್. ರತ್ನಗಿರಿ ಬದಿ.”

“ಯಾವಾಗ ಬತ್ತ್ರ್?”

ಅಕ್ಕ ಜಗಲಿಯ ಮೇಲಿದ್ದ ಒಣಮೀನನ್ನು ಮಗುಚಿ ಹಾಕತೊಡಗಿದರು.

“ಫೋನ್ ಮಾಡ್ತ್ರಾ?”

“ಮುಂಚೆ ಮಾಡ್ತಿದ್ರ್.”

“ಈಗ?”

“ಕಾಣ್ ತಂಗಿ,” ಎಂದರು. ದನಿ ಏರಿರಲಿಲ್ಲ. “ನಿನ್ನ ಕಂಪ್ಯೂಟರ್ ಕೇಂಬುದ್ ಎಂತ? ಇದ್ರಾ ಇಲ್ಯಾ ಅಂತ ಅಲ್ದಾ?”

“ಹೌದ್.”

“ಎಲ್ಲಿ ಇದ್ರ್ ಅಂತ ಕೇಂತಾ?”

“ಇಲ್ಲ.”

“ಮತ್ತೆಂತ. ಇದ್ರ್.”

ಎರಡು ಮಳೆಗಾಲ ಬೋಟು ದಡಕ್ಕೆ ಬಂದಾಗಲೂ ಅವರು ಬಂದಿಲ್ಲ ಎಂದು ಪಕ್ಕದ ಮನೆಯವರು ಆಮೇಲೆ ದಾರಿಯಲ್ಲಿ ಹೇಳಿದರು. ಗುಜರಾತಿನ ವೆರಾವಳ ಬಂದರಿನಲ್ಲಿ ಯಾರೋ ಕಂಡಿದ್ದಾರೆ ಎಂದೂ, ಕಂಡವರು ಮೊದಲೇ ಕುಡುಕರು ಎಂದೂ ಹೇಳಿದರು. ಯಾವುದು ನಿಜ ಎಂದು ನನಗೆ ಗೊತ್ತಿಲ್ಲ. ಕೇಳುವ ಕೆಲಸ ನನ್ನದಾಗಿರಲಿಲ್ಲ.

ಕೋಣೆಗೆ ಬಂದು ಆ ನಿಯಮವನ್ನು ತೆರೆದೆ. ಗಂಡ ಇದ್ದರೆ ಫೋಟೋ ಇರಲೇಬೇಕು. ಇಲ್ಲದಿದ್ದರೆ ‘ತೀರಿಕೊಂಡಿದ್ದಾರೆ’ ಒತ್ತಬೇಕು. ಅರ್ಜಿಗೆ ಗೊತ್ತಿದ್ದ ಲೋಕ ಅಷ್ಟೇ. ಅದನ್ನು ಬರೆದವನ ಮೇಲೆ ಸಿಟ್ಟು ಬರಲಿಲ್ಲ. ನಾನು ಬರೆದಿದ್ದರೂ ಹಾಗೆಯೇ ಬರೆಯುತ್ತಿದ್ದೆ. ‘ಕಡ್ಡಾಯ’ ಎಂಬುದನ್ನು ಅಳಿಸಿದೆ. ಫೋಟೋ ಬಂದರೆ ಅಚ್ಚಾಗಲಿ, ಬಾರದಿದ್ದರೆ ಕಾರ್ಡಿನಲ್ಲಿ ಫೋಟೋದ ಚೌಕವೇ ಬೇಡ. ಗಂಡನ ಹೆಸರು, ಹಿಂದೆ ಮುಂದೆ ಏನೂ ಇಲ್ಲದೆ.

ಕಾರ್ಯದರ್ಶಿ ಒಪ್ಪಲಿಲ್ಲ.

“ಅರ್ಧ ಕಾರ್ಡ್ ಕೊಡುಕಾತ್ತಾ? ಆಸ್ಪತ್ರೆಯವ್ರ್ ನಾಳೆ ಗಂಡ ಎಲ್ಲಿ, ಫೋಟೋ ಎಲ್ಲಿ ಅಂತ ಕೇಂಡ್ರೆ?”

“ಕೇಂಡ್ರೆ ಹೇಳುವ.”

“ಯಾರ್ ಹೇಳುದ್? ಅವ್ಳ್ ಹೇಳ್ತಿಲ್ಲೆ. ನಂಗೆ ಪುರ್ಸೊತ್ತಿಲ್ಲೆ.”

“ನಾನ್ ಹೋತೆ ಅವ್ರ ಒಟ್ಟಿಗೆ.”

“ನಿಮ್ಗ್ ಬೇರೆ ಕೆಲ್ಸ ಇಲ್ಯಾ ಮಾರಾಯ್ತಿ?” ಎಂದರು. ಆಮೇಲೆ, “ಕಾರ್ಡ್ ಕಳ್ಸಿ, ಸಹಿ ಹಾಕ್ತೆ,” ಎಂದರು.

ಡೇಟಾಬೇಸಿನ ಆ ಟೇಬಲ್ಲು ಈಗ ಇಲ್ಲ. ಕೆಲವು ವರ್ಷಗಳಲ್ಲಿ ಸಂಘ ಬೇರೆ ತಂತ್ರಾಂಶಕ್ಕೆ ಹೋಯಿತು, ಆಪರೇಟರು ಬೇರೆ ಊರಿಗೆ ಹೋದ. ನನ್ನ ಹತ್ತಿರ ಉಳಿದಿರುವುದು ಒಂದು ಹಳೆಯ ಬ್ಯಾಕಪ್ಪು. ಈ ಬರಹಕ್ಕಾಗಿ ಅದನ್ನು ತೆರೆದು ನೋಡಿದೆ. ಅಕ್ಕನ ಸಾಲಿನಲ್ಲಿ ‘ಒಂದು’ ಇರುತ್ತದೆ ಎಂದುಕೊಂಡಿದ್ದೆ. ಅಲ್ಲಿ ನಲ್ ಇದೆ, ಖಾಲಿ. ಜಗಲಿಯಲ್ಲಿ ಅರ್ಜಿ ಒಪ್ಪದೆ ಹೋದ ಮೇಲೆ ಯಾರೂ ಅದನ್ನು ಮತ್ತೆ ಕಳಿಸಿರಲೇ ಇಲ್ಲವೋ, ನಾನೇ ಕೂತು ಖಾಲಿ ಬಿಟ್ಟೆನೋ, ತಿಳಿಯದು. ಕಾರ್ಡು ಅಚ್ಚಾಗಲು ಅದೂ ಸಾಕಾಗಿತ್ತು.

ಆಪರೇಶನ್ನಿನ ಬೆಳಿಗ್ಗೆ ಬ್ರಹ್ಮಾವರದ ಬಸ್ಸಿನಲ್ಲಿ ಅಕ್ಕ ಕಿಟಕಿ ಬದಿ ಕೂತರು. ಮೀನಿನ ವಾಸನೆ ಇಲ್ಲದ ಅವರನ್ನು ಅದೇ ಮೊದಲು ನಾನು ಕಂಡದ್ದು. ಸೋಪಿನ ವಾಸನೆ, ಮಲ್ಲಿಗೆ. ಆಸ್ಪತ್ರೆಯ ಕೌಂಟರಿನ ಹುಡುಗಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದಳು. ನಾನು ಬಾಯಿಪಾಠ ಮಾಡಿಕೊಂಡಿದ್ದ ವಿವರಣೆಯನ್ನು ಅವಳು ಕೇಳಲೇ ಇಲ್ಲ.

“ಸಹಿ ಹಾಕುಕೆ ಯಜಮಾನ್ರ್ ಬಂದಿದ್ರಾ?”

“ಬತ್ತ್ರ್,” ಎಂದರು ಅಕ್ಕ.

“ಎಷ್ಟೊತ್ತಿಗೆ?”

ಅಕ್ಕ ನನ್ನ ಕಡೆ ನೋಡಿದರು. ನಾನು ಪೆನ್ನು ತೆಗೆದುಕೊಂಡೆ. ಒಪ್ಪಿಗೆಯ ಕಾಗದದಲ್ಲಿ ನನ್ನ ಹೆಸರು ಬರೆದೆ, ಸಹಿ ಹಾಕಿದೆ. ಕೆಳಗೆ ‘ರೋಗಿಗೆ ಏನಾಗಬೇಕು’ ಎಂದಿತ್ತು.

“ಎಂತ ಬರೀಲಿ ಅಕ್ಕ?”

“ಮೀನ್ ತಕಂಬವ್ಳ್ ಅಂತ ಬರಿ.”

ಕೌಂಟರಿನ ಹುಡುಗಿ ನಕ್ಕಳು. “ಖಾಲಿ ಬಿಡಿ, ನಡೀತ್ತ್,” ಎಂದು ಮೊಹರು ಒತ್ತಿದಳು.

ಒಳಗೆ ಕರೆದುಕೊಂಡು ಹೋಗುವಾಗ ಅಕ್ಕ ಸಂಚಿಯಿಂದ ತನ್ನ ಫೋನು ತೆಗೆದು ನನ್ನ ಕೈಗೆ ಕೊಟ್ಟರು. ಹಿಂದಿನ ಮುಚ್ಚಳ ಬೀಳದಂತೆ ರಬ್ಬರು ಹಾಕಿದ ಸಣ್ಣ ಫೋನು.

“ಫೋನ್ ಬಂದ್ರೆ ತೆಗಿ.”

“ಯಾರ್ ಅಂತ ಹೇಳ್ಲಿ?”

“ನೀನ್ ಯಾರ್ ಅಂತ ಹೇಳುದ್ ಬ್ಯಾಡ. ನಾನ್ ಇದ್ಳಾ ಅಂತ ಕೇಂಡ್ರೆ, ಇದ್ಳ್ ಅನ್. ಅಷ್ಟ್ ಸಾಕ್.”

ಬಾಗಿಲು ಮುಚ್ಚಿತು. ಹೊರಗೆ ಬೆಂಚಿನಲ್ಲಿ ಕೂತೆ. ಅಕ್ಕಪಕ್ಕದಲ್ಲಿ ಗಂಡಂದಿರು, ತಾಯಂದಿರು, ಫ್ಲಾಸ್ಕು ಹಿಡಿದ ನಾದಿನಿಯರು. ಪ್ರತಿಯೊಬ್ಬರೂ ಯಾರದೋ ಏನೋ ಆಗಿದ್ದರು. ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮನಸ್ಸಿನಲ್ಲಿ ‘ಇದ್ಳ್’ ಎಂದು ಹೇಳಿ ನೋಡಿದೆ. ರತ್ನಗಿರಿಯ ಬೋಟುಗಳಲ್ಲಿ ಎಷ್ಟೋ ಕಾಲ ಬೇರೆ ಮಾತಾಡಿದವರಿಗೆ ಅದು ಇದ್ದಾಳೆ ಎಂದು ಕೇಳಿಸುತ್ತದೋ, ಇದ್ದಳು ಎಂದೋ. ಅರ್ಜಿಯಾಗಿದ್ದರೆ ಪಕ್ಕದಲ್ಲಿ ಬಿಡಿಸಿ ಬರೆಯಬಹುದಿತ್ತು.

ಫೋನು ಒಮ್ಮೆ ನಡುಗಿತು. ಗುಂಡಿ ಒತ್ತಿ ನೋಡಿದೆ. ಕಾಲರ್ ಟ್ಯೂನ್ ಹಾಕಿಸಿಕೊಳ್ಳಿ ಎಂಬ ಕಂಪನಿಯ ಮೆಸೇಜು. ಮತ್ತೆ ಅದು ಸದ್ದು ಮಾಡಲಿಲ್ಲ.

ಬಾಗಿಲು ತೆರೆದು ನರ್ಸೊಬ್ಬರು ತಲೆ ಹೊರಗೆ ಹಾಕಿದರು.

“ಬೀಜಾಡಿಯವ್ರದ್ದ್ ಮುಗೀತ್. ಸಮ ಆಯ್ತ್, ಹುಷಾರಿದ್ರ್. ಅವ್ರ ಬದಿಯವ್ರ್ ಯಾರ್ ಇದ್ರ್?”

ನಾನು ಫೋನು ಹಿಡಿದುಕೊಂಡೇ ಎದ್ದು ನಿಂತೆ.

“ಇದ್ದೆ,” ಎಂದೆ.